ಒಣಗಿದ ಮೇಲೂ ನಾಯಿ ನಾರುತ್ತಿದ್ದರೆ

ಆರಿದ್ರಾ ಮಳೆ ಹಿಡಿದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಜಗುಲಿಗೆ ಹಾಸಿದ ಕಂಬಳಿಯೂ ಮುಗ್ಗಲು, ಅದರ ಮೇಲೆ ಮಲಗಿದ ನಾಯಿಯೂ ಮುಗ್ಗಲು. ಅಷ್ಟಕ್ಕೇ ಗಾಬರಿ ಬೇಡ, ಮೈ ಒಣಗಿದರೆ ಆ ವಾಸನೆ ಹೋಗುತ್ತದೆ. ಒಣಗಿದ ಮೇಲೂ ಹೋಗದೆ, ಮೀಯಿಸಿದ ಮೂರನೇ ದಿನಕ್ಕೇ ಮತ್ತೆ ಕಮಟು ಹೊಡೆಯುತ್ತಿದ್ದರೆ ಅದು ಕೊಳೆಯಲ್ಲ, ರೋಗ. ಆಗ ಸೋಪು ತಿಕ್ಕುವ ಮೊದಲು ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೂಸಿ ಪತ್ತೆ ಮಾಡಬೇಕು. ಮುಖ ಕಿವುಚಬೇಡಿ, ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಬಾಯಿಂದ ಶುರುಮಾಡಿ ಕಿವಿ, ಕಂಕುಳು, ತೊಡೆಸಂದು, ಬೆರಳ ಸಂದು, ಕೊನೆಗೆ ಬಾಲದ ಬುಡ. ಬಾಯಿ ನಾರಿದರೆ ಹಲ್ಲಿನ ಬುಡದಲ್ಲಿ ಹಳದಿ ಕಿಟ್ಟ ಕಟ್ಟಿರುತ್ತದೆ. ಕಾರವಾರ, ಅಂಕೋಲಾ ಕಡೆ ನಾಯಿಯಿಂದ ಮೀನು ವಾಸನೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಲ್ಲೋ ಒಣಮೀನಿನ ಮೇಲೆ ಹೊರಳಿ ಬಂದಿರಬೇಕು ಎನ್ನುತ್ತಾರೆ. ಆದರೆ ನಾಯಿಯ ಗುದದ ಎರಡೂ ಬದಿಗೆ ಸಣ್ಣ ಗ್ರಂಥಿಗಳಿವೆ. ಅವು ಕಟ್ಟಿಕೊಂಡರೂ ಬರುವುದು ಕೊಳೆತ ಮೀನಿನ ವಾಸನೆಯೇ. ನಾಯಿ ಕುಂಡೆಯನ್ನು ನೆಲಕ್ಕೆ ಉಜ್ಜುತ್ತ ತೆವಳುತ್ತಿದ್ದರೆ ಅದೇ ಎಂದು ತಿಳಿಯಿರಿ. ಅದನ್ನು ಹಿಂಡಿ ತೆಗೆಯುವುದು ಪಶುವೈದ್ಯರ ಕೆಲಸ, ತಪ್ಪು ಹಿಂಡಿದರೆ ಒಳಗೇ ಒಡೆದು ಕೀವಾಗುತ್ತದೆ.

ಕಿವಿಯಲ್ಲಿ ಕಂದು ಬಣ್ಣದ ಜಿಗುಟು ಗುಗ್ಗೆ, ಕಂಕುಳಲ್ಲಿ ಕಮಟು, ಚರ್ಮ ಮುಟ್ಟಿದರೆ ಬೆರಳಿಗೆ ಜಿಡ್ಡು. ನಮ್ಮ ಕಡೆ ಮಳೆಗಾಲದಲ್ಲಿ ಹೆಚ್ಚು ಕಾಣುವುದು ಇದು. ಕಾರಣ ಮಲಸೀಜಿಯಾ ಎಂಬ ಯೀಸ್ಟ್. ಎಲ್ಲ ನಾಯಿಗಳ ಮೈಮೇಲೂ ಅದು ಸ್ವಲ್ಪ ಇದ್ದೇ ಇರುತ್ತದೆ, ತೇವ ಮತ್ತು ಜಿಡ್ಡು ಸೇರಿದಲ್ಲಿ ಮಿತಿಮೀರಿ ಬೆಳೆಯುತ್ತದೆ. ಹಾಗೇ ಬಿಟ್ಟರೆ ಆ ಜಾಗದ ಚರ್ಮ ಕಪ್ಪಾಗಿ, ದಪ್ಪಗಾಗಿ, ಆನೆ ಚರ್ಮದಂತೆ ಸುಕ್ಕುಗಟ್ಟುತ್ತದೆ. ತುರಿಕೆ ಎಂದು ಕೊಬ್ಬರಿ ಎಣ್ಣೆ ಸವರುವವರು ಜಿಡ್ಡಿಗೆ ಇನ್ನಷ್ಟು ಜಿಡ್ಡು ಕೂಡಿಸುತ್ತಾರೆ ಅಷ್ಟೇ. ಒಲೆ ಬೂದಿ ತಿಕ್ಕುವುದೂ ಬೇಡ, ಅದರ ಕ್ಷಾರಕ್ಕೆ ಚರ್ಮ ಉರಿಯುತ್ತದೆ. ನಾವು ಹಚ್ಚಿಕೊಳ್ಳುವ ಸೋಪೂ ನಾಯಿಯ ಚರ್ಮಕ್ಕೆ ಒಗ್ಗದು, ಒಣಗಿಸಿ ಹೊಟ್ಟು ಏಳಿಸುತ್ತದೆ.

ಇದಕ್ಕೆ ಕ್ಲೋರ್‌ಹೆಕ್ಸಿಡಿನ್ 2%, ಮೈಕೋನಜೋಲ್ 2% ಎರಡೂ ಇರುವ ನಾಯಿ ಶಾಂಪೂ ಸಿಗುತ್ತದೆ. ವಾರಕ್ಕೆ ಎರಡು ಸಲದಂತೆ ಕನಿಷ್ಠ ಮೂರು ವಾರ. ಮೊದಲು ಒಣಮೈಯಲ್ಲೇ ಬಾಚಿ, ಗಂಟುಕಟ್ಟಿದ ಕೂದಲು ತೆಗೆಯಿರಿ, ಗಂಟಿನೊಳಗೆ ಔಷಧ ಇಳಿಯುವುದಿಲ್ಲ. ಬಚ್ಚಲ ಹಂಡೆಯ ನೀರನ್ನು ಉಗುರುಬೆಚ್ಚಗೆ ಬೆರಕೆ ಮಾಡಿ, ಕೂದಲ ಬುಡದವರೆಗೆ ನೆನೆಸಿ. ನೊರೆ ಬಂದ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಬಿಡಬೇಕು. ಎಲ್ಲರೂ ತಪ್ಪುವುದು ಇಲ್ಲೇ: ನಾಯಿ ಮೈ ಕೊಡವಿತು ಎಂದು ಎರಡೇ ನಿಮಿಷಕ್ಕೆ ನೀರು ಹೊಯ್ದು, ಆಮೇಲೆ ಶಾಂಪೂವೇ ಸರಿಯಿಲ್ಲ ಎನ್ನುತ್ತಾರೆ. ಕಾಯುವಾಗ ಕಂಕುಳು, ಬೆರಳ ಸಂದಿಗೆ ಇನ್ನಷ್ಟು ತಿಕ್ಕುತ್ತಿರಿ. ಕಣ್ಣು, ಕಿವಿಯೊಳಗೆ ಹೋಗಬಾರದು. ಇಳಿಯುವ ನೀರು ತಿಳಿಯಾಗುವವರೆಗೆ ತೊಳೆಯಿರಿ.

ಒರೆಸುವುದು ಮೀಯಿಸುವುದಕ್ಕಿಂತ ದೊಡ್ಡ ಕೆಲಸ. ಬೆನ್ನು ತಾನಾಗಿ ಒಣಗುತ್ತದೆ; ಬೆರಳ ಸಂದು, ಕಂಕುಳು, ಹೊಟ್ಟೆಯ ಅಡಿ ಒಣಗುವುದಿಲ್ಲ. ಎರಡು ಹಳೇ ಪಂಚೆ ಬೇಕು, ಒಂದು ತೊಯ್ದ ಮೇಲೆ ಇನ್ನೊಂದು. ನೈಲಾನ್ ಕೊರಳಪಟ್ಟಿ ತೆಗೆದಿಡಿ, ಅದರಡಿ ಸದಾ ಒದ್ದೆ. ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ, ಬಿಸಿಲಿಲ್ಲದ ದಿನ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ. ಮೈ ತೊಳೆದು ಅದೇ ಹಳೇ ಚೀಲದ ಮೇಲೆ ಮಲಗಿಸಿದರೆ ಹತ್ತು ನಿಮಿಷ ಕಾದದ್ದೂ ದಂಡ. ಕಡಲಲ್ಲಿ ಆಡಿದ ನಾಯಿಗೆ ಮನೆಗೆ ಬಂದ ಕೂಡಲೇ ಬಾವಿ ನೀರು ಹೊಯ್ಯಿರಿ, ಉಪ್ಪು ಮತ್ತು ಮರಳು ಉಳಿದರೆ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ.

ಕಜ್ಜಿಯ ಕತೆ ಬೇರೆ. ಕಿವಿಯ ಅಂಚು, ಮೊಣಕೈಯಲ್ಲಿ ಕೂದಲು ಉದುರಿ ಹಕ್ಕಳೆ ಕಟ್ಟಿದ್ದರೆ ಕಿವಿಯ ತುದಿಯನ್ನು ಮಡಚಿ ಎರಡು ಬೆರಳಲ್ಲಿ ಉಜ್ಜಿ ನೋಡಿ. ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ ಸ್ಕೇಬೀಸ್ ನುಸಿಯ ಅನುಮಾನ ಗಟ್ಟಿ. ಇದು ಮನೆಯವರ ಕೈಗೂ ತುರಿಕೆ ಅಂಟಿಸುತ್ತದೆ. ಮರಿನಾಯಿಯ ಕಣ್ಣಸುತ್ತ, ಮುಂಗಾಲಲ್ಲಿ ಮಾತ್ರ ಕೂದಲು ಹೋಗಿ ತುರಿಕೆ ಅಷ್ಟಿಲ್ಲದಿದ್ದರೆ ಡೆಮೋಡೆಕ್ಸ್ ಎಂಬ ಬೇರೆ ನುಸಿ ಇರಬಹುದು, ಅದು ನಮಗೆ ಅಂಟುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದೆಂದು ಹೇಳುತ್ತಾರೆ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಹಚ್ಚುವ ಚಾಳಿ ಇನ್ನೂ ಹೋಗಿಲ್ಲ. ನಾಯಿ ಅದನ್ನು ನೆಕ್ಕುತ್ತದೆ, ಯಕೃತ್ತು ಮೂತ್ರಪಿಂಡ ಕೆಡುತ್ತದೆ. ದನಕ್ಕೆ ತಂದ ಐವರ್‌ಮೆಕ್ಟಿನ್ ಉಳಿದಿದೆ ಎಂದು ಅಂದಾಜಲ್ಲಿ ಚುಚ್ಚಿಸುವುದೂ ಅಪಾಯ. ಕಾಲಿ (Collie) ಎಂಬ ಕುರಿ ಕಾಯುವ ತಳಿಯ ನಾಯಿಗಳು ಅದನ್ನು ತಾಳುವುದಿಲ್ಲ, ಪ್ರಾಣವೇ ಹೋಗಬಹುದು.

ಬೆಟ್ಟ ತಿರುಗಿ ಬಂದ ನಾಯಿಯ ಕಿವಿ, ಬೆರಳ ಸಂದಲ್ಲಿ ಉಣುಗು ನೋಡುವುದು ದಿನದ ಕೆಲಸವಾಗಬೇಕು. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದು ಸೋಪುನೀರಿಗೆ ಹಾಕಿ. ಬೆರಳಲ್ಲಿ ಹಿಸುಕಬೇಡಿ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಕಾಡಿನಲ್ಲೂ ಇದೆ, ಅದು ಹರಡುವುದು ಉಣುಗಿನಿಂದಲೇ. ಉಣುಗು ಸಾಯಲೆಂದು ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ ಎಂಬುದು ನೆನಪಿರಲಿ. ಒಂದೇ ಚೀಲದ ಮೇಲೆ ಎರಡೂ ಮಲಗುವ ಮನೆಗಳೇ ಜಾಸ್ತಿ.

ಇಷ್ಟೆಲ್ಲ ಮಾಡಿಯೂ ಬೇಸಿಗೆಯಲ್ಲೂ ಅದೇ ಕಿವಿ, ಅದೇ ಕಂಕುಳು ಮರುಕಳಿಸಿದರೆ ಯೀಸ್ಟ್ ಬರೀ ನೆಪ, ಒಳಗೆ ಅಲರ್ಜಿಯೋ ಥೈರಾಯ್ಡ್ ತೊಂದರೆಯೋ ಇರುತ್ತದೆ. ಥೈರಾಯ್ಡಿಗೆ ರಕ್ತಪರೀಕ್ಷೆ ಇದೆ. ಆಹಾರದ ಅಲರ್ಜಿಯೋ ಎಂದು ತಿಳಿಯಲು, ನಾಯಿ ಈವರೆಗೆ ತಿನ್ನದ ಒಂದೇ ಬಗೆಯ ಮಾಂಸ ಅಥವಾ ಮೀನನ್ನು ವೈದ್ಯರನ್ನು ಕೇಳಿ ಆರಿಸಿ, ಎಂಟು ವಾರ ಅದನ್ನೇ ಹಾಕಬೇಕು. ಆ ಎಂಟು ವಾರ ಒಂದು ಬಿಸ್ಕತ್ತೂ ಇಲ್ಲ, ಮಜ್ಜಿಗೆ ಅನ್ನವೂ ಇಲ್ಲ. ಮೊಮ್ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.