ಸೊಂಟದ ಕೀಲಿಗೊಂಚಲು: ಒಂದು ಕೊಲೆ ಕಾದಂಬರಿ ಬರೆದ ನನ್ನ ಅನುಭವ

ಮಲೆನಾಡಿನ ಒಂದು ಅಡಿಕೆ ತೋಟದ ಮನೆ. 1995ರ ಕೊಯ್ಲಿನ ಕಾಲ. ಮನೆಯ ಯಜಮಾನನಿಗೆ ರಾತ್ರಿ ಉಪ್ಪರಿಗೆಯ ಕೋಣೆಯಲ್ಲಿ ಎದೆನೋವು ಬರುತ್ತದೆ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಅದೇ ಕೋಣೆಯ ತಿಜೋರಿಯಲ್ಲಿದೆ. ತಿಜೋರಿಗೆ ಬೀಗ. ಯಾವಾಗಲೂ ಅವನ ಸೊಂಟದಲ್ಲೇ ಇರುವ ಕೀಲಿಗೊಂಚಲು ಅವತ್ತು ಇಲ್ಲ. ಸುಲಿಯಲು ಬಂದ ಆಳುಗಳು ಎದ್ದು ಹೋದ ಮೇಲೂ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆ, ಮದುವೆಯಾಗದ ಕಿರಿ ಮಗಳು ಕೆಳಗೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಅಂದರೆ ಎಲ್ಲರೂ ಎಚ್ಚರವಾಗಿಯೇ ಇದ್ದಾರೆ.

ನನ್ನ ಕಾದಂಬರಿಯ ಹಂದರ ಇಷ್ಟೇ. ಇದನ್ನು ಹೇಗೆ ಕಟ್ಟಿದೆ ಅಂತ ಬರೆಯಲು ಕಾರಣ ಇದೆ. ಕುಟುಂಬದ ಒಳಗಿನ ಕೊಲೆ ಬರೆಯಬೇಕು ಅನ್ನುವವರು ನನ್ನನ್ನು ಕೇಳುವುದೆಲ್ಲ ಕೊಲೆಯ ಬಗ್ಗೆಯೇ. ಆದರೆ ನನಗೆ ಜಾಸ್ತಿ ಸಮಯ ಹಿಡಿದದ್ದು ಆ ಮನೆಯ ಭಯವನ್ನು ಬರೆಯಲು.

ದಬ್ಬಾಳಿಕೆ ಅಂದಕೂಡಲೇ ಕೂಗಾಟ, ಬೈಗುಳ, ಬೆತ್ತ ಕಣ್ಣಿಗೆ ಬರುತ್ತದೆ ಅಲ್ವಾ? ಅದನ್ನು ನಾನು ಪೂರ್ತಿ ಬಿಟ್ಟೆ. ನನ್ನ ಯಜಮಾನ ಇಡೀ ಪುಸ್ತಕದಲ್ಲಿ ಒಮ್ಮೆಯೂ ದನಿ ಏರಿಸುವುದಿಲ್ಲ. ಅವನು ಅಳೆಯುತ್ತಾನೆ. ದಿನಾ ಬೆಳಿಗ್ಗೆ ಉಗ್ರಾಣದ ಬೀಗ ತೆಗೆದು ಅಕ್ಕಿಯನ್ನು ಪಾವಿನಲ್ಲಿ ಅಳೆದು ಸೊಸೆಯ ಪಾತ್ರೆಗೆ ಹಾಕುತ್ತಾನೆ, ಅವಳು ಹೊಸ್ತಿಲ ಹೊರಗೆ ನಿಂತಿರಬೇಕು. ನೆಂಟರು ಬಂದರೆ ಇನ್ನೊಂದು ಪಾವು ಕೇಳಬೇಕು, ಯಾರು ಬಂದರು, ಯಾಕೆ ಬಂದರು ಅಂತ ಹೇಳಬೇಕು. ಅಡಿಕೆ ಮಂಡಿಯಿಂದ ಬಂದ ಮಾರಾಟದ ಪಟ್ಟಿಯನ್ನು ಗಂಡುಮಕ್ಕಳಿಗೆ ತೋರಿಸುವುದಿಲ್ಲ. ತನ್ನ ಮಾತ್ರೆಯನ್ನೂ ಎಣಿಸಿ ಬೀಗ ಹಾಕಿಡುತ್ತಾನೆ, ಯಾಕೆಂದರೆ ಯಾರನ್ನೂ ನಂಬುವುದಿಲ್ಲ. ಸಾವಿನ ದಾರಿ ನನಗೆ ಸಿಕ್ಕಿದ್ದು ಅಲ್ಲಿ. ಹೊರಗಿನಿಂದ ವಿಷವೋ ಕತ್ತಿಯೋ ತರುವ ಅಗತ್ಯವೇ ಬೀಳಲಿಲ್ಲ, ಅವನೇ ಹಾಕಿದ ಬೀಗ ಸಾಕಾಯಿತು.

ಅವನು ಮೂರನೇ ಅಧ್ಯಾಯದಲ್ಲೇ ಸಾಯುತ್ತಾನೆ. ಇಷ್ಟು ಬೇಗ ಸತ್ತರೆ ಮುಂದೆ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ಓದಿದ ಗೆಳೆಯರು ಕೇಳಿದ್ದುಂಟು. ನನಗೆ ಬೇಕಾಗಿದ್ದೇ ಅದು. ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ಉಗ್ರಾಣದ ಬೀಗ ಆಗಲೇ ಒಡೆದುಹಾಕಿದ್ದಾರೆ, ಬಾಗಿಲು ತೆರೆದೇ ಇದೆ, ಆದರೂ ಸೊಸೆ ಪಾತ್ರೆ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದಾಳೆ. ದೊಡ್ಡ ಮಗ ಬಂದು ಪಾವು ಎತ್ತಿಕೊಳ್ಳುತ್ತಾನೆ. "ಯಾರಾದ್ರೂ ಬರ್ತಾರಾ ಇವತ್ತು?" ಅಂತ ಕೇಳುತ್ತಾನೆ. ಅಪ್ಪಯ್ಯ ಕೇಳುತ್ತಿದ್ದ ಅದೇ ಮಾತು. ಈ ದೃಶ್ಯ ಬರೆದ ಮೇಲೆ ಉಳಿದ ಕಾದಂಬರಿ ಎತ್ತ ಹೋಗಬೇಕು ಅಂತ ನನಗೆ ಗೊತ್ತಾಯಿತು.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. ಮಕ್ಕಳಿಗೆ ಅವನ ಮೇಲೆ ಪ್ರೀತಿಯೂ ಇರಬೇಕು. ಬರೀ ಕೆಟ್ಟವನಾಗಿದ್ದರೆ ದೊಡ್ಡವರಾದ ಮಕ್ಕಳು ಬಿಟ್ಟು ಹೋಗುತ್ತಿದ್ದರು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕ ಮಗನಿಗೆ ಟೈಫಾಯಿಡ್ ಬಂದಾಗ ಇವನೇ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದ. ಆ ಮಗ ದೊಡ್ಡವನಾದ ಮೇಲೂ ಆ ಅಪ್ಪಯ್ಯ ಮತ್ತೆ ಬರಬಹುದು ಅಂತ ಕಾಯುತ್ತಲೇ ಇದ್ದಾನೆ. ಯಾವ ದಿನ ಒಳ್ಳೆಯವನಿರುತ್ತಾನೆ, ಯಾವ ದಿನ ಇರುವುದಿಲ್ಲ ಅಂತ ಗೊತ್ತಾಗದಿರುವುದೇ ಮಕ್ಕಳನ್ನು ಕಟ್ಟಿಹಾಕುವುದು. ಅವನ ಮುಖ ನೋಡಿಕೊಂಡೇ ಅವರು ಬದುಕುತ್ತಾರೆ. ಅಣ್ಣನ ಮೇಲೆ ತಮ್ಮ ಚಾಡಿ ಹೇಳುತ್ತಾನೆ, ಅತ್ತಿಗೆ ಮೇಲೆ ನಾದಿನಿ. ಒಬ್ಬರು ಹತ್ತಿರವಾಗಬೇಕಾದರೆ ಇನ್ನೊಬ್ಬರು ದೂರವಾಗಬೇಕು. ಅದಕ್ಕೇ ಆ ರಾತ್ರಿ ಐದು ಜನ ಒಂದೇ ಕಡೆ ಕೂತಿದ್ದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೀಲಿ ಯಾರ ಹತ್ತಿರ ಇದೆ ಅಂತ ಯಾರೂ ಕೇಳುವುದಿಲ್ಲ.

ಈಗ ಫೋನಿನ ಕತೆ. ಆಗಿನ ಕಾಲದ ಡಯಲ್ ಫೋನಿಗೆ ಪುಟ್ಟ ಬೀಗ ಹಾಕುತ್ತಿದ್ದದ್ದು ಅನೇಕರಿಗೆ ನೆನಪಿರಬೇಕು. ಡಯಲಿನ ತೂತಿನಲ್ಲಿ ಸಿಕ್ಕಿಸಿದರೆ ಚಕ್ರ ಪೂರ್ತಿ ತಿರುಗುವುದಿಲ್ಲ. ಕರೆ ಬಂದರೆ ಮಾತಾಡಬಹುದು, ನಾವಾಗಿ ಮಾಡಲು ಆಗುವುದಿಲ್ಲ. ಆದರೆ ಅದಕ್ಕೊಂದು ಒಳದಾರಿ ಇತ್ತು. ರಿಸೀವರ್ ಇಡುವ ಜಾಗದ ಗುಂಡಿಯನ್ನು ಬೆರಳಿನಿಂದ ಬೇಗ ಬೇಗ ಒತ್ತಿದರೆ ಎಕ್ಸ್‌ಚೇಂಜ್‌ಗೆ ಅದೇ ನಂಬರ್ ಆಗಿ ಹೋಗುತ್ತಿತ್ತು. ಮೂರಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ, ಒಂದು ಅಂಕಿಯಿಂದ ಇನ್ನೊಂದಕ್ಕೆ ನಡುವೆ ಸ್ವಲ್ಪ ಬಿಡುವು. ಒಂದು ಸಲ ಲೆಕ್ಕ ತಪ್ಪಿದರೂ ಬೇರೆ ಯಾರದ್ದೋ ಮನೆಗೆ ಹೋಗುತ್ತದೆ. ಕಿರಿ ಮಗಳು ಇದನ್ನು ಕಲಿತಿದ್ದಾಳೆ. ಅಮ್ಮನಿಗೆ ಮಾತ್ರ ಗೊತ್ತು. ಬಿಲ್ಲಿನಲ್ಲಿ ಒಟ್ಟು ಕರೆಗಳ ಲೆಕ್ಕ ತನ್ನ ಪುಸ್ತಕದ ಲೆಕ್ಕಕ್ಕಿಂತ ಜಾಸ್ತಿ ಬಂದಾಗ ಯಜಮಾನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಾನೆ, ಯಾರೂ ಬಾಯಿ ಬಿಡುವುದಿಲ್ಲ.

ಅವನು ಸತ್ತ ಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಫೋನಿಗೆ ಬೀಗ ಇತ್ತು, ಡಾಕ್ಟರಿಗೆ ಹೇಗೆ ಹೇಳುವುದು? ಎರಡು ಅಧ್ಯಾಯ ಕಳೆದ ಮೇಲೆ ಓದುಗರಿಗೆ ಆ ಹಳೆಯ ಬಿಲ್ಲಿನ ಗಲಾಟೆ ನೆನಪಾಗಬೇಕು. ಅದು ನನ್ನ ಲೆಕ್ಕಾಚಾರ. ಸುಳಿವನ್ನು ಭೂತಗನ್ನಡಿ ಹಿಡಿದು ಹುಡುಕುವಂತೆ ಇಡಲಿಲ್ಲ, ಮನೆಯ ಜಗಳವೊಂದರ ಒಳಗೇ ಇಟ್ಟೆ. ಕುಟುಂಬದ ಕತೆಗೆ ಈ ವಿಧಾನ ತುಂಬಾ ಚೆನ್ನಾಗಿ ಒಗ್ಗುತ್ತದೆ.

ಯಾರಿಗೆ ಏನು ಕೇಳಿಸುತ್ತದೆ ಅಂತ ಖಚಿತ ಮಾಡಿಕೊಳ್ಳಲು ಮನೆಯ ನಕ್ಷೆ ಬರೆದುಕೊಂಡೆ. ಅಷ್ಟಕ್ಕೆ ಸಮಾಧಾನ ಆಗದೆ ನೆಂಟರ ಹಳೆಯ ಮನೆಗೆ ಹೋಗಿ ಒಬ್ಬರನ್ನು ಉಪ್ಪರಿಗೆಯಲ್ಲಿ ಕೂರಿಸಿ ಕರೆಯಲು ಹೇಳಿದೆ, ನಾನು ಕೆಳಗೆ ಕೋಣೆ ಕೋಣೆ ತಿರುಗಿದೆ. ಹಲಗೆ ಹಾಸಿದ ಉಪ್ಪರಿಗೆ ಆದ್ದರಿಂದ ಜಗಲಿಗೆ ದನಿಗಿಂತ ಕಾಲಿನ ಸದ್ದು ಚೆನ್ನಾಗಿ ಕೇಳುತ್ತದೆ. ಬಚ್ಚಲಿನಲ್ಲಿ ಏನೂ ಕೇಳುವುದಿಲ್ಲ. ಮೆಟ್ಟುಗತ್ತಿಯಲ್ಲಿ ಸುಲಿಯುವಾಗ ಒಂದು ಲಯ ಇರುತ್ತದೆ, ಮೇಲಿಂದ ಸದ್ದು ಬಂದರೆ ಕೈ ತನ್ನಷ್ಟಕ್ಕೆ ನಿಲ್ಲುತ್ತದೆ. ಹಾಗಾಗಿ ಆ ರಾತ್ರಿಯ ಅಧ್ಯಾಯದಲ್ಲಿ ಯಾರು ಏನು ಯೋಚಿಸಿದರು ಅಂತ ನಾನು ಬರೆಯಲೇ ಇಲ್ಲ. ಯಾರ ಕತ್ತಿ ನಿಂತಿತು, ಯಾರದ್ದು ನಿಲ್ಲಲಿಲ್ಲ, ಅಷ್ಟನ್ನೇ ಬರೆದೆ.

ಕಾನೂನಿನ ಭಾಗಕ್ಕೆ ಪರಿಚಯದ ವಕೀಲರೊಬ್ಬರ ಹತ್ತಿರ ಕೂತು ಕೇಳಿದೆ. 1995 ಅಂತ ಇಟ್ಟದ್ದು ಸುಮ್ನೆ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಬಂತು, ಆದರೆ ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರಿನಲ್ಲಿ. ಹಾಗಾಗಿ ನನ್ನ ಕಾದಂಬರಿಯ ಮನೆಯಲ್ಲಿ 1993ರಲ್ಲೇ ಮದುವೆಯಾಗಿ ಹೋದ ಹಿರಿ ಮಗಳಿಗೆ, ಅಂದರೆ ಅಕ್ಕನಿಗೆ, ಹುಟ್ಟಿನಿಂದ ಬರುವ ಆ ಪಾಲಿಲ್ಲ, ತಂಗಿಗೆ ಇದೆ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಅಪ್ಪಯ್ಯ ತಯಾರಿ ನಡೆಸಿದ್ದಾನೆ, ಪತ್ರವೂ ಅದೇ ತಿಜೋರಿಯಲ್ಲಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಅಕ್ಕ ಬಂದು ಇಳಿಯುವಷ್ಟರಲ್ಲಿ ಹೆಣ ಸುಟ್ಟಾಗಿದೆ. ಮರಣೋತ್ತರ ಪರೀಕ್ಷೆ ಇಲ್ಲ. ಪೊಲೀಸರಿಗೆ ಉಳಿದದ್ದು ಐದು ಜನರ ಹೇಳಿಕೆ ಮಾತ್ರ. ಇಡೀ ಕತೆ ಮನಸ್ಸಿನ ಒಳಗೇ ನಡೆಯಬೇಕು ಅಂತ ನನಗಿದ್ದ ಆಸೆಗೆ ಇದರಿಂದ ಒಳ್ಳೆ ಅನುಕೂಲವಾಯಿತು.

ಅದೇ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೊಲೆ ಮಾಡಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಸತ್ತವರಿಂದ ಬರುವ ಆಸ್ತಿ ಸಿಗುವುದಿಲ್ಲ. ಹುಟ್ಟಿನಿಂದ ಬಂದ ಸ್ವಂತ ಪಾಲು ಬೇರೆ, ಅಪ್ಪನಿಂದ ಬರುವ ಪಾಲು ಬೇರೆ. ಈ ಸಣ್ಣ ವ್ಯತ್ಯಾಸದ ಮೇಲೆ ಅಣ್ಣತಮ್ಮಂದಿರ ಒಂದು ಅಧ್ಯಾಯವೇ ನಿಂತಿದೆ. ಒಬ್ಬ ಸಿಕ್ಕಿಬಿದ್ದರೆ ಇನ್ನೊಬ್ಬನಿಗೆ ಲಾಭ, ಯಾರೂ ಸಿಕ್ಕಿಬೀಳದಿದ್ದರೆ ಎಲ್ಲರಿಗೂ ಲಾಭ. ಇನ್ನು ಮಗಳು ಫೋನ್ ಮಾಡದಿದ್ದದ್ದು ಅಪರಾಧವೇ? ಆಗ ಜಾರಿಯಲ್ಲಿದ್ದ ದಂಡ ಸಂಹಿತೆಯ 32ನೇ ಸೆಕ್ಷನ್ ಕಾನೂನಿಗೆ ವಿರುದ್ಧವಾಗಿ ಸುಮ್ಮನಿರುವುದನ್ನೂ ಕೃತ್ಯ ಎಂದೇ ಎಣಿಸುತ್ತಿತ್ತು. ಆದರೆ ಮಗಳಿಗೆ ಅಂಥ ಕಾನೂನಿನ ಕರ್ತವ್ಯ ಇತ್ತೇ ಎಂಬಲ್ಲಿ ವಾದಕ್ಕೆ ಜಾಗ ಇದೆ. ಕೀಲಿ ತೆಗೆದವರ ವಿಷಯ ಬೇರೆ, ಅದು ನೇರ 302, ಅಂದರೆ ಕೊಲೆಯ ಸೆಕ್ಷನ್.

ಅಮ್ಮನ ಅಧ್ಯಾಯವನ್ನು ಕೊನೆಗೆ ಬರೆದೆ. ಅವಳನ್ನು ಬರೀ ಪಾಪದವಳಾಗಿ ಬಿಡಲು ನನಗೆ ಮನಸ್ಸಿರಲಿಲ್ಲ. "ಅಪ್ಪಯ್ಯಂಗೆ ಸಿಟ್ಟು ಬರ್ಸಬೇಡಿ" ಅಂತ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು ಅವಳು. ಗಂಡನ ಮುನಿಸು ಇಳಿಯಲಿ ಅಂತ ಒಂದೊಂದು ದಿನ ಒಂದೊಂದು ಮಗುವನ್ನು ಮುಂದೆ ತಳ್ಳಿದವಳೂ ಅವಳೇ. ಗಂಡನ ಸೊಂಟದ ಗೊಂಚಲನ್ನು ಅವನಿಗೆ ಗೊತ್ತಾಗದಂತೆ ಬಿಚ್ಚುವಷ್ಟು ಹತ್ತಿರ ಹೋಗಬಲ್ಲವಳು ಮನೆಯಲ್ಲಿ ಒಬ್ಬಳೇ, ಇದು ಓದುಗರಿಗೆ ಮೊದಲಿನಿಂದಲೂ ಕಣ್ಣೆದುರೇ ಇರುತ್ತದೆ. ಆದರೂ ಕೊನೆಯವರೆಗೆ ಮಗಳ ಮೇಲೇ ಅನುಮಾನ ಪಡುತ್ತಾರೆ. ಪೊಲೀಸರ ಮುಂದೆ ಫೋನಿನ ಗುಟ್ಟು ಹೇಳಿಬಿಡುವುದೂ ಅಮ್ಮನೇ. ಮಗಳನ್ನು ಮತ್ತೊಮ್ಮೆ ಮುಂದೆ ತಳ್ಳುತ್ತಾಳೆ, ಈ ಸಲ ತನ್ನನ್ನು ಉಳಿಸಿಕೊಳ್ಳಲು. ಇದು ತೀರಾ ಕ್ರೂರ ಆಯಿತು, ತಾಯಿ ಹೀಗೆ ಮಾಡುತ್ತಾಳಾ ಅಂತ ಹಸ್ತಪ್ರತಿ ಓದಿದ ಇಬ್ಬರು ಬದಲಾಯಿಸಲು ಹೇಳಿದರು. ಆ ಮನೆಯಲ್ಲಿ ಮೂವತ್ತು ವರ್ಷ ಬದುಕಿದ ತಾಯಿ ಮಾಡುತ್ತಾಳೆ ಅಂದೆ, ಒಂದು ಸಾಲನ್ನೂ ತೆಗೆಯಲಿಲ್ಲ.