ಹೊಲದಲ್ಲಿ ಹದ್ದು ಸತ್ತು ಬಿದ್ದಿದ್ದರೆ ಏನು ಮಾಡಬೇಕು?

ಕೆಲವು ವರ್ಷದ ಹಿಂದೆ ಜಗಳೂರು ಕಡೆ ಶೇಂಗಾ ಹೊಲದ ಬದುವಿನಲ್ಲಿ ಎರಡು ಹದ್ದು ಸತ್ತು ಬಿದ್ದಿದ್ದವು. ಹತ್ತು ಹೆಜ್ಜೆ ಆಚೆ ಒಂದು ನಾಯಿ. ಪಾಪ ಅನ್ನಿಸಿ ಮೂರನ್ನೂ ಗುಂಡಿ ತೋಡಿ ಹೂತು ಬಂದೆ. ವಿಷ ಇಟ್ಟವರನ್ನು ಹಿಡಿಯಲು ಇದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಮಣ್ಣು ಮಾಡಿದ್ದೆ ಎಂದು ಗೊತ್ತಾಗಿದ್ದು ಆಮೇಲೆ. ಆ ಬೇಸರ ಇನ್ನೂ ಹೋಗಿಲ್ಲ.

ಹದ್ದು, ಗಿಡುಗ, ಗರುಡ, ಗೂಬೆ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿಯನ್ನು ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಆದರೆ ಸಾಕ್ಷಿ ಇಲ್ಲದೆ ಕೇಸು ನಿಲ್ಲುವುದಿಲ್ಲ.

ಹಾಗಾಗಿ ಮೊದಲು, ಮುಟ್ಟಬೇಡಿ. ಚಿರತೆ, ತೋಳ ಅಥವಾ ಬೀದಿನಾಯಿ ಸಾಯಲಿ ಎಂದು ಕಾರ್ಬೋಫ್ಯುರಾನ್‌ನಂಥ ಹರಳು ವಿಷವನ್ನು ಮಾಂಸಕ್ಕೆ ಬೆರೆಸಿ ಇಡುವವರಿದ್ದಾರೆ. ಬಯಲಲ್ಲಿ ಬಿದ್ದ ಮಾಂಸ ಮೊದಲು ಕಾಣುವುದು ಮೇಲೆ ಹಾರುವ ಹದ್ದಿಗೇ ಅಲ್ವಾ? ಆ ವಿಷ ಮನುಷ್ಯನಿಗೂ ಅಪಾಯ. ಮಕ್ಕಳನ್ನು, ನಾಯಿಗಳನ್ನು ದೂರ ಇಡಿ.

ಆಮೇಲೆ ನಿಂತಲ್ಲಿಂದಲೇ ಸುತ್ತ ನೋಡಿ. ಈ ನೋಟವೇ ಮುಖ್ಯ. ಹಕ್ಕಿಯ ಉಗುರು ಬಿಗಿಯಾಗಿ ಮುದುಡಿಕೊಂಡಿದೆಯೇ? ಮೈ ಮೇಲೆ ಕೂತ ನೊಣಗಳೂ ಸತ್ತಿವೆಯೇ? ಹತ್ತಿರ ಕಾಗೆ, ಮುಂಗುಸಿ, ನಾಯಿ ಸತ್ತಿವೆಯೇ? ಮಾಂಸದ ತುಂಡಿನ ಮೇಲೆ ಬಣ್ಣದ ಹರಳು ಇದೆಯೇ? ಇದ್ದರೆ ವಿಷದ ಅನುಮಾನ ಗಟ್ಟಿ. ಕರೆಂಟ್ ಕಂಬದ ಕೆಳಗೆ ರೆಕ್ಕೆ ಸುಟ್ಟು ಬಿದ್ದಿದ್ದರೆ ಕತೆ ಬೇರೆ ಇರಬಹುದು. ಆದರೂ ತೀರ್ಮಾನ ನಿಮ್ಮದಲ್ಲ, ಕಂಡಿದ್ದನ್ನು ಕಂಡ ಹಾಗೆ ಹೇಳಿದರೆ ಸಾಕು.

ಫೋಟೊ ತೆಗೆಯಿರಿ. ದೂರದಿಂದ ಒಂದು, ಅದರಲ್ಲಿ ಮರವೋ ಪಂಪ್‌ಸೆಟ್ ಮನೆಯೋ ಗುರುತಿಗೆ ಸಿಗಲಿ. ಹತ್ತಿರದಿಂದ ನಾಲ್ಕೈದು. ಮೊಬೈಲ್‌ನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಫೋಟೊವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ತಪ್ಪು ಮಾಡಿದವರೂ ಅದೇ ಗುಂಪಿನಲ್ಲಿರಬಹುದು.

ತಕ್ಷಣ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿಗೆ ಫೋನ್ ಮಾಡಿ. ಯಾರಾದರೂ ಬಂದೂಕು, ಬಲೆ ಹಿಡಿದು ನಿಂತಿದ್ದರೆ ಎದುರು ಹೋಗದೆ 112ಕ್ಕೆ ಹೇಳಿ. ಸಾಧ್ಯವಾದರೆ ಮಹಜರು ಮುಗಿಯುವ ತನಕ ಅಲ್ಲೇ ಇರಿ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಬೇಕು, ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು ಎಂದು ಕೇಳಿಕೊಳ್ಳಿ. ನಮ್ಮ ಬಿಸಿಲಿಗೆ ದೇಹ ಬೇಗ ಕೊಳೆಯುತ್ತದೆ, ತಡ ಆದಷ್ಟೂ ಸಾಕ್ಷಿ ಹೋಗುತ್ತದೆ.

ಹಕ್ಕಿಗೆ ಇನ್ನೂ ಜೀವ ಇದ್ದರೆ ಕೈಗೆ ದಪ್ಪ ಕೈಗವಸು ಹಾಕಿಕೊಂಡು ಅದರ ಮೇಲೆ ಬಟ್ಟೆ ಹೊದಿಸಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಲ್ಲಿ ಇಡಿ. ಬಾಯಿಗೆ ನೀರು ಹಾಕಬೇಡಿ, ಉಸಿರಿನ ಕೊಳವೆಗೆ ಹೋಗಿ ಸಾಯಬಹುದು.

ಇನ್ನು ಕೊಲ್ಲುವ ಕಾರಣಗಳ ಮಾತು. ಕೋಳಿಮರಿ ಒಯ್ಯುತ್ತದೆ ಎಂಬ ಸಿಟ್ಟು ನಿಜವಾದದ್ದೇ. ಮರಿ ಬಲಿಯುವ ತನಕ ಮಂಕರಿ ಅಡಿಯಲ್ಲೋ ಬಲೆ ಕಟ್ಟಿದ ಜಾಗದಲ್ಲೋ ಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಮಾಟಮಂತ್ರಕ್ಕೆಂದು ಗೂಬೆ ಹಿಡಿಯುವವರ ಮೇಲೆ ಕಣ್ಣಿಡಿ. ಮೆಕ್ಕೆಜೋಳದ ಹೊಲದ ಇಲಿಯನ್ನು ರಾತ್ರಿಯಿಡೀ ಹಿಡಿಯುವುದು ಇದೇ ಗೂಬೆ.

ಚಳ್ಳಕೆರೆ ಕಡೆಯ ಕಾವಲುಗಳಿಗೆ, ಅಂದರೆ ಹುಲ್ಲುಗಾವಲುಗಳಿಗೆ, ಚಳಿಗಾಲದಲ್ಲಿ ಸೆಳೆವ ಎಂಬ ಗಿಡುಗಗಳು ಮಧ್ಯ ಏಷ್ಯಾದ ಕಡೆಯಿಂದ ಬರುತ್ತವೆ. ಮಿಡತೆ ಹಿಡಿದು ತಿನ್ನುತ್ತವೆ, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಒಂದು ಬಲೆ, ಒಂದು ಬೆಂಕಿ ಸಾಕು, ಇಡೀ ಗುಂಪೇ ಹೋಗುತ್ತದೆ. ಅವು ಎಲ್ಲಿ ಮಲಗುತ್ತವೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಕುರಿಗಾಹಿಗಳು. ಮುಂದಿನ ಸಲ ಕಾವಲಿನಲ್ಲಿ ಸಿಕ್ಕಾಗ ಅವರ ಫೋನಿನಲ್ಲಿ 1926 ಉಳಿಸಿಕೊಡಿ.