ಕರೆಂಟ್ ಹೋಗಿರಲಿಲ್ಲ

ಮನೆಯಲ್ಲಿ ಸೇರಿ ಕೇಳಿದ ಆಲ್ಬಮ್‌ಗಳಿಗೆ ಅಂಕ ಬರೆದಿಡುವ ನಮ್ಮ ಪುಸ್ತಕದ ಮೊದಲ ಪುಟವೇ ತಪ್ಪು. ಹರಿದು ಹಾಕೋಣ ಎಂದು ಅಕ್ಕನ ಮಗಳು ಎರಡು ಸಲ ಹೇಳಿದ್ದಾಳೆ, ನಾನು ಬಿಟ್ಟಿಲ್ಲ. ಬೀಟಲ್ಸ್ ತಂಡದ 1969ರ ‘ಆ್ಯಬಿ ರೋಡ್’ ಆಲ್ಬಮ್‌ಗೆ ಅಲ್ಲಿ ಹತ್ತಕ್ಕೆ 6.4 ಎಂದು ಬರೆದಿದೆ. ಆ ರಾತ್ರಿ ಕೇಳಿ ಮುಗಿದಾಗ ಐವರಲ್ಲಿ ನಾಲ್ವರು ‘ಇನ್ನೊಮ್ಮೆ ಹಾಕು’ ಎಂದಿದ್ದರು. ಇನ್ನೊಮ್ಮೆ ಹಾಕು ಎನ್ನಿಸಿದ್ದಕ್ಕೆ 6.4 ಹೇಗೆ ಬಂತು ಎಂದು ತಲೆ ಕೆರೆದುಕೊಂಡ ದಿನದಿಂದಲೇ ನಮ್ಮ ಪದ್ಧತಿ ಹುಟ್ಟಿತು.

ನಾನು ಶಿರಸಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಹಡಗಿನಲ್ಲಿ ದುಡಿದು ಕಾರವಾರದಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಒಂದು ಟ್ರಂಕ್ ಎಲ್‌ಪಿ ತಟ್ಟೆಗಳನ್ನೂ, ಅಂದರೆ ಹಾಡಿನ ದೊಡ್ಡ ರೆಕಾರ್ಡುಗಳನ್ನೂ, ಅವನ್ನು ತಿರುಗಿಸಿ ನುಡಿಸುವ ಒಂದು ಟರ್ನ್‌ಟೇಬಲ್ಲನ್ನೂ ನನಗೆ ಕೊಟ್ಟರು. ಟ್ರಂಕ್ ತೆರೆದರೆ ಬೂಸಲು. ಕಾರವಾರದ ಉಪ್ಪುಗಾಳಿ, ಮೇಲಿಂದ ನಮ್ಮ ಘಟ್ಟದ ಮಳೆಗಾಲ. ತಟ್ಟೆಗಳ ಮೇಲೆ ಬಿಳಿ ನಕ್ಷತ್ರಗಳ ಹಾಗೆ ಚುಕ್ಕೆಗಳು. ಇನ್ವರ್ಟರ್ ಬ್ಯಾಟರಿಗೆಂದು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ನಡುವಿನ ಕಾಗದದ ಲೇಬಲ್ ಒದ್ದೆಯಾಗದಂತೆ, ಮೆತ್ತನೆಯ ಹತ್ತಿಬಟ್ಟೆಯಿಂದ ಗೆರೆಗಳ ಗುಂಟ ಒರೆಸಿದೆ. ಅಡ್ಡಕ್ಕೆ ಒರೆಸಿದರೆ ಗೀರು ಬೀಳುತ್ತದೆ. ಕೊನೆಗೊಮ್ಮೆ ಬರೀ ನೀರು, ಆಮೇಲೆ ನೆರಳಿನಲ್ಲಿ ಒಣಗಿಸಿದ್ದು. ಬಿಸಿಲಿಗಿಟ್ಟ ಒಂದೇ ಒಂದು ತಟ್ಟೆ ಹಪ್ಪಳವಾಯಿತು. ಅದು ಯಾವುದೆಂದು ಹೇಳಲಾರೆ, ಈಗಲೂ ಹೊಟ್ಟೆ ಉರಿಯುತ್ತದೆ.

ಟರ್ನ್‌ಟೇಬಲ್ಲಿನ ಬೆಲ್ಟ್ ಸಡಿಲವಾಗಿತ್ತು. ನಮ್ಮ ಕಸುಬಿನ ಅಹಂಕಾರದಿಂದ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದೆ. ಹಾಡು ಬಂತು, ಆದರೆ ತಬಲಾ ಮಾಸ್ತರರು ಎರಡನೇ ನಿಮಿಷಕ್ಕೇ ಕೈ ಎತ್ತಿದರು: ‘ತಮ್ಮಾ, ಶ್ರುತಿ ಉಯ್ಯಾಲೆಯಾಡುತ್ತಿದೆ.’ ರಬ್ಬರಿನ ದಪ್ಪ ಒಂದೇ ಸಮ ಇಲ್ಲದ್ದರಿಂದ ತಟ್ಟೆ ಒಮ್ಮೆ ಬೇಗ, ಒಮ್ಮೆ ನಿಧಾನ ತಿರುಗುತ್ತಿತ್ತು. ಸರಿಯಾದ ಬೆಲ್ಟ್ ತರಿಸಿದ ಮೇಲೆ ವೇಗ ನೋಡಲು ಯಾವ ಉಪಕರಣವೂ ಬೇಕಾಗಲಿಲ್ಲ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ ಎಣಿಸಿದೆವು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು, ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು. ನೂರು ಬಂತು.

ಆ ಮೊದಲ ರಾತ್ರಿ ಜುಲೈ ತಿಂಗಳ ಮಳೆ. ದೀಪ ಆರಿಸಿ ಕುಳಿತಿದ್ದೆವು: ಅಕ್ಕ, ಭಾವ, ಅವರ ಮಗಳು, ಮಾಸ್ತರರು, ನಾನು. ಇಗರ್ಜಿಯ ಗಾಯನ ಮಂಡಳಿಗೆ ಕೀಬೋರ್ಡ್ ನುಡಿಸುವ ಗೆಳೆಯ ಅಂಕ ಕೊಡುವ ಗುಂಪಿನವನಲ್ಲ, ಆದರೂ ಬಂದು ಕುಳಿತಿರುತ್ತಾನೆ. ‘ಆ್ಯಬಿ ರೋಡ್’ನ ಮೊದಲ ಬದಿಯ ಕೊನೆಯ ಹಾಡು ಏಳು ನಿಮಿಷಕ್ಕೂ ಹೆಚ್ಚು. ಕೊನೆಕೊನೆಗೆ ಗಿಟಾರಿನ ಒಂದೇ ಸಾಲು ಮತ್ತೆ ಮತ್ತೆ ಸುತ್ತುತ್ತದೆ, ಅದರ ಹಿಂದೆ ಗಾಳಿಯಂಥ ಮೊರೆತ ಏರುತ್ತಲೇ ಹೋಗುತ್ತದೆ. ಹಾಡಿನೊಳಗಿನ ಗಾಳಿ ಯಾವುದು, ಹೆಂಚಿನ ಮೇಲಿನ ಮಳೆ ಯಾವುದು ಎಂದು ತಿಳಿಯದ ಸ್ಥಿತಿ. ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ‘ಹೋಯಿತು ಕರೆಂಟ್’ ಎಂದು ಭಾವ ಎದ್ದೇಬಿಟ್ಟರು, ಅಕ್ಕ ಬ್ಯಾಟರಿಗೆ ತಡಕಾಡಿದಳು. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇದೆ ಎಂದು ಗೆಳೆಯ ತೋರಿಸಿದ ಮೇಲೆಯೇ ನಮಗೆ ಗೊತ್ತಾಗಿದ್ದು, ಕರೆಂಟ್ ಹೋಗಿರಲಿಲ್ಲ. ಹಾಡು ಇರುವುದೇ ಹಾಗೆ. ಟೇಪನ್ನು ಅಲ್ಲಿಗೇ ಕತ್ತರಿಸಿದ್ದಾರೆ.

ಇಂಥ ರಾತ್ರಿಗೆ 6.4! ಕಾರಣ ಸರಳ. ಆಲ್ಬಮ್ಮಿನಲ್ಲಿ ಹದಿನೇಳು ಹಾಡು. ಒಂದೊಂದಕ್ಕೂ ಅಂಕ ಕೊಟ್ಟು, ಕೂಡಿಸಿ ಭಾಗಿಸಿದ್ದೆವು. ಎರಡನೇ ಬದಿಯಲ್ಲಿ ಒಂದು, ಒಂದೂವರೆ ನಿಮಿಷದ ತುಣುಕುಗಳು ಒಂದರ ಬಾಲಕ್ಕೆ ಇನ್ನೊಂದು ಹೆಣೆದುಕೊಂಡು ಬರುತ್ತವೆ, ಕೊನೆಯದಂತೂ ಬರೀ 23 ಸೆಕೆಂಡು. ಬಿಡಿಯಾಗಿ ನೋಡಿದರೆ ಎಲ್ಲಕ್ಕೂ ಐದು, ಆರು. ಮಾಲೆಯಿಂದ ಹೂ ಕಿತ್ತು ತೂಕ ಹಾಕಿದ ಹಾಗಾಯಿತು. ಅಂದಿನಿಂದ ಹಾಡಿಗೆ ಅಂಕವಿಲ್ಲ, ಬದಿಗೆ ಅಂಕ. ಎಲ್‌ಪಿಯ ಒಂದು ಬದಿ ಸುಮಾರು ಇಪ್ಪತ್ತು ನಿಮಿಷ. ಆ ಬದಿ ಮುಗಿಯುವವರೆಗೆ ಮಾತಿಲ್ಲ, ಮೊಬೈಲ್ ಇಲ್ಲ, ಬದಿ ಮಗುಚುವಾಗ ಚಹಾ. ಎರಡನೇ ಸಲ ಇದೇ ಆಲ್ಬಮ್‌ಗೆ 8.8 ಬಂತು.

ಆದರೆ ನಿಜವಾದ ತೊಡಕು ಲೆಕ್ಕದ್ದಲ್ಲ, ಮುಲಾಜಿನದು. ಮೊದಮೊದಲು ಬದಿ ಮುಗಿಯುತ್ತಲೇ ಎಲ್ಲರೂ ಮಾಸ್ತರರ ಮುಖ ನೋಡುತ್ತಿದ್ದೆವು. ಅವರು ‘ಪರವಾಗಿಲ್ಲ’ ಎಂದರೆ ಎಲ್ಲರದೂ ಆರು, ‘ಆಹಾ’ ಎಂದರೆ ಎಲ್ಲರದೂ ಎಂಟು. ಹಿರಿಯರ ಎದುರು, ಅದೂ ಸಂಗೀತ ಬಲ್ಲವರ ಎದುರು, ತನಗೆ ಹಿಡಿಸಿದ್ದನ್ನು ಹೇಳಲು ನಮ್ಮ ಕಡೆಯವರಿಗೆ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಚೀಟಿ ಬಂತು. ದೀಪ ಹಾಕಿದ ಕೂಡಲೇ, ಬಾಯಿ ಬಿಡುವ ಮೊದಲೇ, ಪೆನ್ನಿನಲ್ಲಿ ಅಂಕ ಬರೆದು, ಮಡಚಿ, ಕವಳದ ಬಟ್ಟಲಿಗೆ ಹಾಕುವುದು. ಪೆನ್ಸಿಲ್ ಕೂಡದು. ಬರೆದದ್ದನ್ನು ತಿದ್ದುವಂತಿಲ್ಲ.

ಚೀಟಿ ಬಂದರೂ ಮುಲಾಜು ಇನ್ನೊಂದು ದಾರಿ ಹುಡುಕಿತು. ಎಲ್ಲರೂ 7 ಬರೆಯತೊಡಗಿದರು. 7 ಎಂದರೆ ಮೆಚ್ಚಿದೆ ಎಂದೂ ಅಲ್ಲ, ಬೇಡ ಎಂದೂ ಅಲ್ಲ. ಮದುವೆಮನೆಯಲ್ಲಿ ‘ಊಟ ಚೆನ್ನಾಗಿತ್ತು’ ಎಂದ ಹಾಗೆ. ಹುಬ್ಬಳ್ಳಿಯಲ್ಲಿ ಓದುವ ಅಕ್ಕನ ಮಗಳೇ ಪರಿಹಾರ ಹೇಳಿದಳು: ‘ಮಾವಾ, 7 ಅನ್ನೇ ತೆಗೆದುಬಿಡೋಣ.’ ಅಂದಿನಿಂದ ನಮ್ಮ ಮಾಪನದಲ್ಲಿ 6 ಆದ ಮೇಲೆ 8. ಆ ಒಂದು ಮೆಟ್ಟಿಲು ಕಿತ್ತದ್ದಕ್ಕೆ ಜನ ಎಷ್ಟು ಒದ್ದಾಡುತ್ತಾರೆಂದು ನೀವು ನೋಡಬೇಕು. ಫ್ಲೀಟ್‌ವುಡ್ ಮ್ಯಾಕ್‌ನ ‘ರೂಮರ್ಸ್’ ಕೇಳಿದ ದಿನ ಭಾವ ಚೀಟಿ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಬಂದರು. 8 ಕೊಟ್ಟರು. ಅಕ್ಕ 10 ಕೊಟ್ಟಿದ್ದಳು, ಏಕೆಂದು ಇವತ್ತಿಗೂ ಹೇಳಿಲ್ಲ.

ಕೈಯಲ್ಲಿ ತಟ್ಟೆ ಇಲ್ಲದ ಆಲ್ಬಮ್‌ಗಳನ್ನು ಮೊಬೈಲಿನಿಂದ ಕೇಳುತ್ತೇವೆ. ಅಲ್ಲಿ ಎರಡು ಸಲ ಕೆಟ್ಟೆವು. ಪಿಂಕ್ ಫ್ಲಾಯ್ಡ್‌ನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದಿಂದ ಶುರುವಾಗಿ, ಚೀತ್ಕಾರಕ್ಕೆ ಏರಿ, ಬಿಡುವಿಲ್ಲದೆ ಮುಂದಿನ ಹಾಡಿಗೆ ಇಳಿಯಬೇಕು. ನಮ್ಮದು ಉಚಿತ ಆವೃತ್ತಿ. ಸರಿಯಾಗಿ ಆ ಇಳಿಜಾರಿನಲ್ಲಿ ಜಾಹೀರಾತು ಬಂತು. ಆ ತಿಂಗಳೇ ದುಡ್ಡು ಕಟ್ಟಿದೆ. ಇನ್ನೊಂದು ಬೀಚ್ ಬಾಯ್ಸ್‌ನ 1966ರ ‘ಪೆಟ್ ಸೌಂಡ್ಸ್’. ಹದಿಮೂರು ಹಾಡು, ಸುಮಾರು 36 ನಿಮಿಷ ಎಂದು ಕುಳಿತರೆ ಮುಗಿಯಲೇ ಇಲ್ಲ, ಕೇಳಿದ ಹಾಡೇ ಮತ್ತೆ ಬಂತು. ಸಂಗತಿ ಹಾಕುತ್ತಿರಬಹುದು ಎಂದರು ಭಾವ. ಅಸಲಿಗೆ ಆ ಆವೃತ್ತಿಯಲ್ಲಿ ಮೊದಲು ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೂಲದ ಮೋನೋ, ಹಿಂದೆಯೇ ಎಡಬಲಕ್ಕೆ ಸದ್ದು ಹಂಚುವ, 1990ರ ದಶಕದಲ್ಲಿ ಮಾಡಿದ ಸ್ಟೀರಿಯೋ, ಎರಡನ್ನೂ ಸೇರಿಸಿದ್ದರು. ಮೂಲ ಆಲ್ಬಮ್ಮನ್ನು ರೂಪಿಸಿದ ಬ್ರಯನ್ ವಿಲ್ಸನ್ ಅವರಿಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಂಕ ಮೋನೋಗೆ ಮಾತ್ರ ಎಂದು ತೀರ್ಮಾನಿಸಿದೆವು. ಕೇಳುವ ಮೊದಲು ಮೂಲದಲ್ಲಿ ಎಷ್ಟು ಹಾಡು, ಎಷ್ಟು ನಿಮಿಷ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವ ರೂಢಿ ಅಲ್ಲಿಂದ ಬಂದದ್ದು.

ಇಂಗ್ಲಿಷ್ ಪದಗಳು ನಮ್ಮಲ್ಲಿ ಅರ್ಧಕ್ಕರ್ಧ ಜನರ ಕಿವಿಗೆ ಹತ್ತುವುದಿಲ್ಲ. ಮೊದಲು ಇದು ಕೊರತೆ ಎಂದುಕೊಂಡಿದ್ದೆ. ಆದರೆ ಪದ ಹತ್ತದವರು ಬೇರೆಯದನ್ನು ಹಿಡಿಯುತ್ತಾರೆ. ‘ಡಾರ್ಕ್ ಸೈಡ್’ನ ಎರಡನೇ ಬದಿ ನಾಣ್ಯಗಳ ಸದ್ದಿನಿಂದ ಶುರುವಾಗುವ ‘ಮನಿ’ ಹಾಡಿನಿಂದ ತೆರೆಯುತ್ತದೆ. ಮಾಸ್ತರರ ಬೆರಳು ತೊಡೆಯ ಮೇಲೆ ಆಡತೊಡಗಿತು: ಏಳು ಮಾತ್ರೆ. ಅವರು ರೂಪಕ ಎಂದರು. ಬಡಗುತಿಟ್ಟಿನ ಯಕ್ಷಗಾನದ ಆಟಕ್ಕೆ ರಾತ್ರಿಗಟ್ಟಲೆ ನಿದ್ದೆಗೆಟ್ಟ ಭಾವ, ಇದು ನಮ್ಮ ತ್ರಿವುಡೆಯಲ್ಲವೇ ಎಂದರು. ಅಷ್ಟರಲ್ಲಿ ಗಿಟಾರ್ ಒಂಟಿಯಾಗಿ ಎದ್ದಾಗ ಹಾಡು ನಾಲ್ಕಕ್ಕೆ ಹೊರಳಿತು. ಇಬ್ಬರ ಕೈಯೂ ಗಾಳಿಯಲ್ಲಿ ನಿಂತಿತು. ಬದಿ ಮುಗಿಯುವವರೆಗೆ ಮಾತಿಲ್ಲ ಎಂಬ ನಿಯಮ ಮುರಿದದ್ದು ಆವತ್ತೇ, ಮುರಿದವರು ಅದನ್ನು ಮಾಡಿದ ಹಿರಿಯರೇ.

ಲೆಡ್ ಜೆಪೆಲಿನ್‌ನ ನಾಲ್ಕನೇ ಆಲ್ಬಮ್ಮಿನ ಎಂಟು ನಿಮಿಷದ ‘ಸ್ಟೇರ್‌ವೇ ಟು ಹೆವನ್’ನಲ್ಲಿ ಡ್ರಮ್ ಬರುವುದೇ ನಾಲ್ಕು ನಿಮಿಷ ದಾಟಿದ ಮೇಲೆ. ‘ತಬಲಜಿ ದಾರಿಯಲ್ಲಿ ಸಿಕ್ಕಿಬಿದ್ದನೇ?’ ಎಂದು ಮಾಸ್ತರರು ಪಿಸುಗುಟ್ಟಿದರು. ಕೊನೆಯ ಗಿಟಾರ್ ಭಾಗಕ್ಕೆ ಭಾವನ ಚೀಟಿಯಲ್ಲಿ ಅಂಕದ ಪಕ್ಕ ‘ಏರು ಪದ್ಯ’ ಎಂದಿತ್ತು.

ಕೊಯ್ಲಿನ ಕಾಲದಲ್ಲಿ ಅಂಕವಿಲ್ಲ. ರಾತ್ರಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಸುಮ್ಮನೆ ಹಾಕುತ್ತೇನೆ. ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ಗೆ ಕೈ ತಾನಾಗಿ ಓಡುತ್ತದೆ. ಕೆರೊಲ್ ಕಿಂಗ್‌ರ ‘ಟ್ಯಾಪೆಸ್ಟ್ರಿ’ಗೆ ಬುಟ್ಟಿ ತುಂಬುವುದಿಲ್ಲ.

ಇನ್ನು ಮಾಸ್ತರರ ಆ ಒಂದು ಅಂಕ. ಬೀಟಲ್ಸ್‌ನ 1967ರ ‘ಸಾರ್ಜೆಂಟ್ ಪೆಪರ್ಸ್’ ಎರಡನೇ ಬದಿ ಜಾರ್ಜ್ ಹ್ಯಾರಿಸನ್ ಅವರ ಹಾಡಿನಿಂದ ಶುರುವಾಗುತ್ತದೆ. ತಂಬೂರಿ, ತಬಲಾ, ದಿಲ್‌ರುಬಾ ಕೇಳಿದ್ದೇ ಅವರು ನೆಟ್ಟಗೆ ಕುಳಿತರು, ನಡುವೆ ಹಾಡಿಲ್ಲದ ಭಾಗ ಐದರ ಎಣಿಕೆಗೆ ತಿರುಗಿದಾಗ ‘ಝಪತಾಲ’ ಎಂದು ತುಟಿ ಅಲ್ಲಾಡಿಸಿದರು. ಹಾಡು ಮುಗಿಯುತ್ತಲೇ ತಟ್ಟೆಯೊಳಗಿಂದ ಜನ ನಕ್ಕ ಸದ್ದು. ‘ನುಡಿಸಿ ಮುಗಿಸಿದವನ ಎದುರು ನಗುವುದು ಯಾವ ರೀತಿ?’ ಎಂದು ಸಿಟ್ಟಾಗಿ 9 ಬರೆಯಬೇಕಾದಲ್ಲಿ 8 ಬರೆದರು. ಆ ನಗುವನ್ನು ಸೇರಿಸಿದ್ದು ಹ್ಯಾರಿಸನ್ ಅವರೇ ಎಂದು ಗೆಳೆಯ ಮರುವಾರ ತಿಳಿಸಿದ. ಅಲ್ಲಿಂದ ಒಂದು ವರ್ಷ, ಕಂಡಾಗಲೆಲ್ಲ, ‘ಆ 8 ಅನ್ನು 9 ಮಾಡು ತಮ್ಮಾ’ ಎಂಬ ಒತ್ತಾಯ. ತಿದ್ದುವಂತಿಲ್ಲ ಎಂಬುದು ನನ್ನ ಹಟ. ಕೊನೆಗೆ ಅವರಿಗಾಗಿಯೇ ಪುಸ್ತಕದಲ್ಲಿ ‘ಮರುಕೇಳಿಕೆ’ ಎಂಬ ಹೊಸ ಕಾಲಂ ಎಳೆದು, ಕಳೆದ ಶನಿವಾರ ಆ ಬದಿಯನ್ನು ಮತ್ತೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ನಗು ಬಂದಾಗ ಅವರೂ ಸಣ್ಣಗೆ ನಕ್ಕರು. ಚೀಟಿ ಮಡಚಿ ಬಟ್ಟಲಿಗೆ ಹಾಕಿದರು.

ಬಿಡಿಸಿ ನೋಡಿದರೆ 7 ಎಂದಿತ್ತು.